ಕಂಬಳಿಯ ಮೇಲೆ ಹೊರಿಸಿದ ಹೊಗೆ

ಕುರಿ ಬಿಟ್ಟು ಸ್ಟೇರಿಂಗ್ ಹಿಡಿದವರಲ್ಲಿ ಅವರ ಮನೆತನಕ್ಕೆ ತಿಪ್ಪೇರುದ್ರನೇ ಮೊದಲಿಗ. ಅವನ ಹಳೇ ಡೀಸೆಲ್ ಕಾರು ದಿನಾ ರಾಂಪುರದಿಂದ ಚಳ್ಳಕೆರೆಗೆ ಬಾಡಿಗೆ ಓಡುತ್ತದೆ. ಸೀಟಿಗೆ ಬಿಳಿ ಟವೆಲ್ಲು, ಮುಂದೆ ಊದುಬತ್ತಿ. ಕಾರಿನ ವಿಷಯದಲ್ಲಿ ಆಸಾಮಿ ಮಹಾ ಮಡಿವಂತ. ಅಪ್ಪ ಕ್ಯಾತಪ್ಪ ಮಾತ್ರ ಇನ್ನೂ ಹುಲ್ಲುಗಾವಲಿನ ಅಂಚಿನಲ್ಲಿ ಕುರಿ ಕಾಯುತ್ತಾನೆ. ಸಂತೆಯ ದಿನ ಹೆದ್ದಾರಿಗೆ ನಡೆದುಬಂದು, ಮಗನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಹೋಗುವುದೆಂದರೆ ಮುದುಕನಿಗೆ ದೊಡ್ಡ ಹೆಮ್ಮೆ.

ಒಂದು ಸಂತೆಯ ದಿನ, ಚಳ್ಳಕೆರೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಸೌಂದರ್ಯ ಹಿಂದಿನ ಸೀಟಿನಿಂದ ಮೂಗು ಮುಚ್ಚಿಕೊಂಡಳು.

"ಅಣ್ಣಾ, ಏನೋ ಹೊಗೆ ವಾಸ್ನೆ. ತಲೆ ಸಿಡೀತೈತೆ."

ತನ್ನ ಕಾರಿನಲ್ಲಿ ದೋಷವೇ? ಸಾಧ್ಯವೇ ಇಲ್ಲ. ಪಕ್ಕದಲ್ಲೇ ಕೂತ ಅಪ್ಪನ ಕಂಬಳಿ ಇತ್ತಲ್ಲ. ಕುರಿಹಟ್ಟಿಯಲ್ಲಿ ಬೆಂಕಿ ಹಾಕಿಕೊಂಡು ಮಲಗುವವರ ಕಂಬಳಿ ಹೊಗೆ ಕುಡಿಯದೆ ಇರುತ್ತದೆಯೇ?

"ನಮ್ಮಪ್ಪನ ಕಂಬ್ಳಿದಮ್ಮ ಅದು. ಅಪ್ಪಾ, ಅದನ್ನ ಡಿಕ್ಕಿಗೆ ಹಾಕಬಾರ್ದಾ?" ಎಂದು ಎಲ್ಲರ ಮುಂದೆ ಅಂದೇಬಿಟ್ಟ.

ಕ್ಯಾತಪ್ಪ ಒಂದು ಗಳಿಗೆ ಮಗನ ಮುಖ ನೋಡಿದ. "ಹೂನವ್ವ, ನಂದೇ ವಾಸ್ನೆ," ಎಂದು ಸೌಂದರ್ಯಳಿಗೆ ಹೇಳಿ, ಮಗನಿಂದ ಕಾರು ನಿಲ್ಲಿಸಿಕೊಂಡು ಇಳಿದುಬಿಟ್ಟ. ಅಂದಿನಿಂದ ಬಸ್ಸೇ.

ಕಂಬಳಿ ಹೋಯಿತು, ಹೊಗೆ ಹೋಗಲಿಲ್ಲ. ವಾಸನೆ ಸೀಟಿಗೇ ಹಿಡಿದಿದೆ ಎಂದು ನಮ್ಮ ಬುದ್ಧಿವಂತ ಕವರು ಒಗೆದ, ಊದುಬತ್ತಿ ಜೋಡಿ ಹಚ್ಚಿದ. ಕೊನೆಗೆ ಸೌಂದರ್ಯ ದಾರಿಯಲ್ಲೇ ವಾಂತಿ ಮಾಡಿಕೊಂಡಾಗ ಹೆದರಿ, ಚಳ್ಳಕೆರೆಯ ಮೆಕ್ಯಾನಿಕ್ ರಾಜಣ್ಣನ ಮುಂದೆ ಕಾರು ನಿಲ್ಲಿಸಿದ.

ರಾಜಣ್ಣ ಇಂಜಿನ್ ಚಾಲೂ ಮಾಡಿಸಿ, ಹೊಗೆ ಎಲ್ಲಿ ಸೋರುತ್ತದೆಂದು ನೋಡಲು ಸೈಲೆನ್ಸರಿನ ಬಾಯಿಗೆ ಚಿಂದಿ ಒತ್ತಿಹಿಡಿಸಿದ. ಬಾನೆಟ್ಟಿನ ಕೆಳಗೆ ಬುಸ್ಸೆಂದು ಸದ್ದು ಬಂತು. ಇಂಜಿನ್ನಿನಿಂದ ಹೊಗೆ ಇಳಿಸುವ ಪೈಪು ಬಿರುಕುಬಿಟ್ಟು, ಸುತ್ತಲೂ ಮಸಿ ಕಟ್ಟಿತ್ತು. ಅದರಡಿಯ ಕನ್ವರ್ಟರ್ ಡಬ್ಬಿಯನ್ನು ತಟ್ಟಿದರೆ ಒಳಗೆ ಗಲಗಲ ಎಂದಿತು.

"ಹೊಗೆ ಸೋಸೋ ಬಿಲ್ಲೆ ಪುಡಿಯಾಗೈತೆ. ಪೈಪು, ಡಬ್ಬಿ ಎರಡೂ ಹೊಸವು ಹಾಕ್ಬೇಕು."

"ವೆಲ್ಡಿಂಗ್ ಹೊಡೆದ್ರೆ ಆಗಲ್ವಾ?"

"ಪೈಪು ತೆಳ್ಳಗಾಗೈತೆ, ವೆಲ್ಡಿಂಗ್ ನಿಲ್ಲಲ್ಲ. ಜನ ಕೂರಿಸ್ಕೊಂಡು ಹೋಗೋನು ನೀನು."

ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು ನೆನೆಸಿದರೂ ಒಂದು ಮುರಿದೇ ಬಂತು. ಅದನ್ನು ಕೊರೆದು ತೆಗೆದು, ಹೊಸ ಪೈಪು, ಹೊಸ ಡಬ್ಬಿ, ನಡುವೆ ಹೊಗೆ ಸೋರದಂತೆ ಹೊಸ ಗ್ಯಾಸ್ಕೆಟ್ ಕೂರಿಸುವಷ್ಟರಲ್ಲಿ ಸಂಜೆಯಾಯಿತು. ವಾಸನೆ ಪೂರ್ತಿ ನಿಂತಿತು. ತಿಪ್ಪೇರುದ್ರನಿಗೆ ಮಾತ್ರ ಅಪ್ಪನ ಮುಖ ನೆನಪಾಗಿ ಊಟ ಸೇರಲಿಲ್ಲ.

ಮುಂದಿನ ಸಂತೆಗೆ ಕ್ಯಾತಪ್ಪ ಬಸ್ಸಿಗೆ ಕಾಯುತ್ತಿದ್ದ. ತಿಪ್ಪೇರುದ್ರ ಹಿಂದಿನ ಸೀಟಿನ ತುಂಬ ಜನರಿದ್ದ ಕಾರು ನಿಲ್ಲಿಸಿ ಇಳಿದು ಹತ್ತಿರ ಹೋದ.

"ಹತ್ತಪ್ಪ. ಪೈಪು ಒಡೆದಿತ್ತು, ಹಾಕ್ಸಿದೀನಿ."

"ಅವತ್ತೇ ಗೊತ್ತಿತ್ತು ಬಿಡು," ಎಂದ ಮುದುಕ ಮೆಲ್ಲಗೆ. "ಕಟ್ಟಿಗೆ ಹೊಗೆ ಯಾವ್ದು, ಎಣ್ಣೆ ಹೊಗೆ ಯಾವ್ದು ಅಂತ ತಿಳಿಯಲ್ವೇನೋ ನಂಗೆ?"

"ಮತ್ಯಾಕೆ ನಂದೇ ಅಂದೆ?"

"ಗಾಡಿ ಕೆಟ್ಟೈತೆ ಅಂದಿದ್ರೆ ಆ ಜನ ಮತ್ತೆ ಹತ್ತೋರಾ?"

ತಿಪ್ಪೇರುದ್ರ ಕಾರಿನತ್ತ ತಿರುಗಿ, ಒಳಗಿದ್ದವರಿಗೆಲ್ಲ ಕೇಳುವಂತೆ ಹೇಳಿದ: "ಅವತ್ತಿನ ಹೊಗೆ ನನ್ನ ಗಾಡಿದು. ನಮ್ಮಪ್ಪಂದಲ್ಲ."

"ವ್ಯಾಪಾರ ಮಾಡೋ ಬುದ್ಧಿನೇ ಇಲ್ಲ ಇವ್ನಿಗೆ," ಎಂದು ಗೊಣಗುತ್ತ ಕ್ಯಾತಪ್ಪ ಮುಂದಿನ ಸೀಟು ಹತ್ತಿದ.