ಮೂರು ಬೆರಳಿನ ಸಂದು

ಟೈರಿಗೆ ಹೆದರೋ ಗಂಡಸೂ ಇರ್ತಾನಾ ಅಂತ ನಗುವವರು ನಗಲಿ. ನಾನು ಹೆದರಿದ್ದೆ. ಉಣ್ಣುವಾಗ ಅದೇ ಯೋಚನೆ, ದನಕ್ಕೆ ಹುಲ್ಲು ಹಾಕುವಾಗ ಅದೇ ಯೋಚನೆ. ಮಗಳು ಚೊಚ್ಚಲ ಹೆರಿಗೆಗೆ ಅಂತ ತವರಿಗೆ ಬಂದಿದ್ದಳು. ಅವಳ ಹೊಟ್ಟೆ ದಿನಾ ಒಂದು ಚೂರು ಮುಂದಕ್ಕೆ ಬಂದರೆ ನನ್ನ ಹೆದರಿಕೆ ಎರಡು ಚೂರು ಮುಂದಕ್ಕೆ ಬರುತ್ತಿತ್ತು.

ನಮ್ಮದು ಮದ್ದೂರಿಗೂ ಮಳವಳ್ಳಿಗೂ ನಡುವೆ, ಊರಿಂದಾಚೆ ತೋಟದಲ್ಲಿ ಕಟ್ಟಿಕೊಂಡ ಮನೆ. ಟಾರು ರಸ್ತೆ ಮುಟ್ಟಬೇಕಾದರೆ ನಾಲೆ ಏರಿಯೇ ಗತಿ. ಒಂದು ಕಡೆ ಅಂಚಿನ ತನಕ ನೀರು, ಇನ್ನೊಂದು ಕಡೆ ಆಳದಲ್ಲಿ ಗದ್ದೆ, ನಡುವೆ ಒಂದೇ ಗಾಡಿ ಹೋಗುವಷ್ಟು ಮಣ್ಣು ದಾರಿ. ತಡೆಗೋಡೆ ಗಿಡೆಗೋಡೆ ಏನೂ ಇಲ್ಲ. ಬೇಸಿಗೆಯಲ್ಲಾದರೆ ಒಂದು ಕೈಲಿ ಬೀಡಿ ಹಿಡಿದು ಓಡಿಸುತ್ತೇನೆ. ಆದರೆ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಓಡಾಡಿ ಓಡಾಡಿ ಎರಡು ಪಕ್ಕಕ್ಕೂ ಹಳ್ಳ ತೋಡಿಟ್ಟಿರುತ್ತವೆ. ಅದರ ಮೇಲೆ ನಾಲ್ಕು ಮಳೆ ಹುಯ್ದರೆ ಮುಗೀತು, ಆಂಬುಲೆನ್ಸಿನವರು ಟಾರಿನ ತುದಿಯಲ್ಲೇ ನಿಂತು ಫೋನು ಮಾಡುತ್ತಾರೆ.

ಆ ದಾರಿಯಲ್ಲಿ ತೂಬಿನ ಹತ್ತಿರ ಎಡಕ್ಕೊಂದು ಗಿಡ್ಡ ತಿರುವಿದೆ. ಅಲ್ಲಿಗೆ ಬಂದಾಗಲೆಲ್ಲ ನನ್ನ ಹೆಂಡತಿ ಆಡುತ್ತಿದ್ದ ಮಾತನ್ನು ಅಲ್ಲಿಗೇ ಬಿಡುತ್ತಾಳೆ. ನಮ್ಮ ಮೊದಲ ಮಗು ಹೋದದ್ದು ಅಲ್ಲಿ. ಮದುವೆಯಾದ ಹೊಸದು, ಬಾಡಿಗೆ ಟ್ರ್ಯಾಕ್ಟರಿನ ಟ್ರೈಲರಿನಲ್ಲಿ ಹುಲ್ಲು ಹಾಸಿ ಅವಳನ್ನು ಮಲಗಿಸಿ, ನಾನೇ ಓಡಿಸಿಕೊಂಡು ಇಬ್ಬರೇ ಹೊರಟಿದ್ದೆವು. ತೂಬಿನ ಹತ್ತಿರ ಚಕ್ರ ಹೂತುಕೊಂಡಿತು. ನಾನು ಇಳಿದು, ಎತ್ತು ಹೊಡೆದುಕೊಂಡು ಬರೋಣ ಅಂತ ಊರಿಗೆ ಓಡಿದೆ. ಎತ್ತು ತರುವಷ್ಟರಲ್ಲಿ ಮಗು ಹುಟ್ಟಿ, ಹೋಗಿಯೂ ಆಗಿತ್ತು. ಅವಳು ಅತ್ತಿದ್ದಕ್ಕಿಂತ ಹೆಚ್ಚಾಗಿ ನನ್ನನ್ನು ನೋಡುತ್ತಿದ್ದಳು. ಆಮೇಲೆ ಮಗಳು ಹುಟ್ಟಿದಳು, ಹೆಂಡತಿಯ ತವರು ಬಂಡೂರಿನಲ್ಲಿ ಎಲ್ಲ ಸಸೂತ್ರವಾಗಿ ನಡೆಯಿತು. ಆದರೂ ನಮ್ಮಿಬ್ಬರ ಯಾವ ಜಗಳವಾದರೂ, ಅದು ಸಾರಿಗೆ ಉಪ್ಪು ಜಾಸ್ತಿಯಾದ ಜಗಳವೇ ಆಗಲಿ, ಕೊನೆಗೆ ಬಂದು ನಿಲ್ಲೋದು ಒಂದೇ ಮಾತಿಗೆ. "ನೀವು ಇಳ್ದು ಓಡೋದ್ರಿ ಬುಡಿ. ನಾನೊಬ್ಳೇ ಇದ್ದೆ."

ಅದಕ್ಕೇ ಈ ಸಲ ಮಗಳು ಬರುವ ಮೊದಲೇ ಜೀಪಿನ ಕಡೆ ಗಮನ ಕೊಟ್ಟೆ. ನನ್ನದು ಹಳೇ ಫೋರ್ ವೀಲ್ ಜೀಪು. ನಾಲ್ಕು ಚಕ್ರವೂ ಎಳೆಯುತ್ತೆ, ಅದರಲ್ಲಿ ಮೋಸವಿಲ್ಲ. ಆದರೆ ಟೈರು ಸಣ್ಣವು, ಸವೆದವು. ಹಳ್ಳಕ್ಕೆ ಇಳಿದರೆ ಹೊಟ್ಟೆ ಹೋಗಿ ನಡುದಿಬ್ಬಕ್ಕೆ ತಗುಲಿ ಕೂತುಬಿಡುತ್ತಿತ್ತು. ಆಮೇಲೆ ನಾಲ್ಕು ಚಕ್ರ ತಿರುಗಿದರೂ ಅಷ್ಟೇ, ನಲವತ್ತು ತಿರುಗಿದರೂ ಅಷ್ಟೇ. ಮದ್ದೂರಿನ ಮೆಕ್ಯಾನಿಕ್ ನೋಡಿ, "ಬಾಡಿ ಎತ್ತಿಸ್ಬುಡಣ್ಣ, ಸ್ಪ್ರಿಂಗ್ ಪಟ್ಟೆ ಮ್ಯಾಲೆ ಪಟ್ಟೆ ಹಾಕ್ತೀನಿ, ಆಮೇಲೆ ಎಂಥಾ ಟೈರ್ ಬೇಕಾದ್ರೂ ತೊಡ್ಸು" ಅಂದ. ಮನೆಗೆ ಬಂದು ಹೇಳಿದರೆ ಹೆಂಡತಿ ಕುಯ್ಯುತ್ತಿದ್ದ ಸೊಪ್ಪು ಕೆಳಗಿಟ್ಟಳು.

"ಎತ್ತಿಸ್ತೀರಾ? ಬಸುರಿ ಏಣಿ ಹಾಕ್ಕೊಂಡು ಅತ್ತಬೇಕಾ ನಿಮ್ ಜೀಪ್ಗೆ?"

ಮಾತು ಸರಿಯೇ. ಅದೂ ಅಲ್ಲದೆ ಏರಿ ಮೇಲೆ ಎತ್ತರದ ಗಾಡಿ ವಾಲಿದರೆ ಎತ್ತ ವಾಲುತ್ತೆ? ನೀರಿಗೆ. ಹಾಗಾಗಿ ಬಾಡಿ ಇದ್ದಹಾಗೇ ಇರಲಿ, ಅದರ ಕೆಳಗೆ ಹಿಡಿಯುವಷ್ಟು ದೊಡ್ಡ ಟೈರು ಹಾಕಿಸೋಣ ಅಂತ ತೀರ್ಮಾನ ಮಾಡಿ ಮಂಡ್ಯಕ್ಕೆ ಹೋದೆ.

ಟೈರಂಗಡಿಯವನು ಭಾರೀ ಉತ್ಸಾಹದ ಆಸಾಮಿ. ಎಲ್ಲಕ್ಕಿಂತ ದೊಡ್ಡದನ್ನೇ ಉರುಳಿಸಿಕೊಂಡು ಬಂದ. "ಇದ್ನ ಹಾಕ್ಸಿ ಸಾರ್, ಗತ್ತಾಗಿರ್ತದೆ" ಅಂದ. ಗತ್ತು ಯಾರಿಗಪ್ಪಾ ಬೇಕು? "ನಂಗೆ ಗತ್ತು ಬ್ಯಾಡ ಕಣಯ್ಯಾ, ಹೆರಿಗೆಗೆ ಬೇಕು" ಅಂದೆ. ಅವನು ನನ್ನ ಮುಖ ನೋಡಿದ, ಟೈರಿನ ಮುಖ ನೋಡಿದ, ಜಾಕು ತರೋಕೆ ಹೋದ. ಒಂದನ್ನು ತೊಡಿಸಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡಿದೆವು. ಮಡ್‌ಗಾರ್ಡಿಗೆ ಗರಕ್ ಅಂತ ತಿಕ್ಕಿತು. ಬಿಚ್ಚಿಸಿದೆ. ಅದಕ್ಕಿಂತ ಸಣ್ಣದು ಮಡ್‌ಗಾರ್ಡಿಗೆ ತಗುಲಲಿಲ್ಲ, ಆದರೆ ಅಗಲ ಹೆಚ್ಚಾಗಿ ಒಳಗಡೆ ಪಟ್ಟೆಗೆ ಒರಸುತ್ತಿತ್ತು. ಅದನ್ನೂ ಬಿಚ್ಚಿಸಿದೆ. ಅಂಗಡಿಯವನ ಉತ್ಸಾಹ ಇಳಿಯುತ್ತಾ ಬಂತು.

ಕೊನೆಗೆ ಅಷ್ಟೇ ಎತ್ತರದ, ಆದರೆ ಅಗಲ ಕಮ್ಮಿ ಇರುವ, ಮಣ್ಣಿಗೆ ಅಂತಲೇ ದಪ್ಪ ಹಲ್ಲಿರುವ ಟೈರು ಸಿಕ್ಕಿತು. ಸ್ಟೇರಿಂಗ್ ಎಡಕ್ಕೆ ಪೂರ್ತಿ ತಿರುಗಿಸಿ, ಬಗ್ಗಿ ಕೂತು ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದಿನಲ್ಲಿ ಕೈ ತೂರಿಸಿದೆ. ಮೂರು ಬೆರಳು ಸಲೀಸಾಗಿ ಹೋಯಿತು. ಬಲಕ್ಕೂ ಅಷ್ಟೇ. ಸಮಾಧಾನವಾಗದೆ ಇನ್ನೊಂದು ಸಲ ತೂರಿಸಿದೆ. "ಇನ್ನೇನ್ ಸಾರ್, ಎಣ್ಣಿನ ಕಡೆಯೋರು ಗಂಡು ನೋಡ್ದಂಗೆ ನೋಡ್ತಿದೀರಲ್ಲಾ" ಅಂದ ಅಂಗಡಿಯವನು. ನಕ್ಕೆ. ನಗು ಬಾಯಲ್ಲಿತ್ತು, ಹೊಟ್ಟೆಯಲ್ಲಿರಲಿಲ್ಲ.

ಮನೆಗೆ ತಂದು ನಾಲ್ಕು ಚಕ್ರಕ್ಕೂ ಕುಂಕುಮ ಇಟ್ಟು, ನಿಂಬೆಹಣ್ಣಿನ ಮೇಲೆ ಹತ್ತಿಸಿದೆವು. ಎಳೆತ ಸ್ವಲ್ಪ ಮಂದವಾಗಿತ್ತು, ಸೆಕೆಂಡ್ ಗೇರಿನಲ್ಲಿ ಹತ್ತುತ್ತಿದ್ದ ಕಡೆ ಫಸ್ಟಿಗೆ ಹಾಕಬೇಕಾಗುತ್ತಿತ್ತು. ಚಕ್ರ ದೊಡ್ಡದಾದರೆ ಹಾಗೇ. ಆದರೆ ಹಳ್ಳದಲ್ಲಿ ಹೊಟ್ಟೆ ತಗುಲಲಿಲ್ಲ! ಮಳೆ ಬಂದ ಮಾರನೇ ದಿನ ತೂಬಿನ ತಿರುವಿನಲ್ಲಿ ಹೋಗಿ ಬಂದು ಮಾಡಿದೆ, ಒಬ್ಬನೇ, ಖಾಲಿ ಜೀಪಿನಲ್ಲಿ. ಒಂದು ಸಲವೂ ತಿಕ್ಕಲಿಲ್ಲ. ಹೆಂಡತಿ ಜಗಲಿಯಲ್ಲಿ ನಿಂತು ನೋಡುತ್ತಿದ್ದವಳು, "ಆಯ್ತಾ ಧೈರ್ಯ?" ಅಂದಳು. ಆಯ್ತು ಅಂದೆ. ಆದರೂ ಡಾಕ್ಟರು ಹೇಳಿದ ಗಡುವಿಗೆ ವಾರ ಇರುವಾಗಲೇ ಮಳವಳ್ಳಿಯಲ್ಲಿ ಆಸ್ಪತ್ರೆ ಹತ್ತಿರದ ನೆಂಟರ ಮನೆಗೆ ಮಗಳನ್ನು ಬಿಟ್ಟುಬಿಡೋದು ಅಂತ ಮಾತಾಯಿತು. ಅವಳ ಗಂಡನೂ ಒಪ್ಪಿದ.

ಗಡುವನ್ನು ಕೂಸು ಕೇಳಬೇಕಲ್ಲ. ಒಂದು ದಿನ ಬೆಳಗ್ಗೆ, ಜಡಿಮಳೆ ಬಿಟ್ಟು ಮಬ್ಬು ಬೆಳಕಿತ್ತು, ಮಗಳು ಹಟ್ಟಿಯ ಕಂಬ ಹಿಡಿದು ನಿಂತು "ಅಪ್ಪಾ" ಅಂದಳು. ಅವಳ ಕಾಲ ಕೆಳಗೆ ನೆಲ ಒದ್ದೆಯಾಗಿತ್ತು. ಜೀಪಿನ ಬೀಗದ ಕೈ ತೆಗೆಯೋಕೆ ಹೋದೆ, ಎರಡು ಸಲ ಕೆಳಗೆ ಬಿತ್ತು. ಆಂಬುಲೆನ್ಸಿಗೆ ಫೋನು ಮಾಡಿದರೆ, ಟಾರಿನ ತುದಿಗೆ ಬಂದು ನಿಲ್ಲುತ್ತೇವೆ, ಅಲ್ಲಿ ತನಕ ನೀವೇ ಕರಕೊಂಡು ಬನ್ನಿ ಅಂದರು.

ನಮ್ಮ ಕಡೆ ಹೆರಿಗೆಗೆ ಹೊರಟವಳನ್ನು ಒಬ್ಬಳನ್ನೇ ಕಳಿಸುವುದುಂಟೇ? ಪಕ್ಕದ ತೋಟದಿಂದ ನನ್ನ ಅತ್ತಿಗೆ ಬಂದಳು, ಬಾಣಂತನ ಮಾಡಿ ಪಳಗಿದ ಅಜ್ಜಿ ಬಂತು, ಹಾಸಿಗೆ, ಬಿಸಿನೀರಿನ ಕ್ಯಾನು, ಸೀರೆಯ ಗಂಟು ಎಲ್ಲ ಹಿಂದಕ್ಕೆ ಹತ್ತಿದವು. ಮುಂದಿನ ಸೀಟಿನಲ್ಲಿ ನನ್ನ ಪಕ್ಕ ಮಗಳು, ಆಚೆ ಪಕ್ಕ ಅವಳನ್ನು ತಬ್ಬಿಕೊಂಡು ಹೆಂಡತಿ. ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಕಬ್ಬು ಕಡಿಯಲು ಬಂದಿದ್ದ ನಾಲ್ಕು ಜನ ಗಟ್ಟಿ ಆಳುಗಳು, ಪಾಪ, ಸಹಾಯಕ್ಕೆ ಅಂತ ಓಡಿಬಂದರು. ಕಬ್ಬಿನ ಲೋಡು ಎಳೆಯುವಾಗ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆದ್ದುಬಿಡುತ್ತೆ, ಅದಕ್ಕೆ ಮುಂದುಗಡೆ ಇಬ್ಬರು ಮೂವರು ಹತ್ತಿ ಕೂರೋದು ನಮ್ಮಲ್ಲಿ ಎಲ್ಲರ ಅಭ್ಯಾಸ. "ಮುಂದಕ್ಕೆ ಭಾರ ಇದ್ರೆ ಕೆಸ್ರಲ್ಲಿ ಚೆಂದಾಗಿ ಕಚ್ಕೊಂಡ್ ಓಯ್ತದೆ ಕಣಣ್ಣ, ನಡಿ ನಡಿ" ಅಂತ ಇಬ್ಬರು ಈ ಮಡ್‌ಗಾರ್ಡಿನ ಮೇಲೆ, ಇಬ್ಬರು ಆ ಮಡ್‌ಗಾರ್ಡಿನ ಮೇಲೆ ಕೂತೇಬಿಟ್ಟರು. ನಾನೂ ಬೇಡ ಅನ್ನಲಿಲ್ಲ. ಟ್ರ್ಯಾಕ್ಟರಿಗೆ ಸರಿಯಾದದ್ದು ಜೀಪಿಗೂ ಸರಿ ಅಂತ ಅಲ್ಲಿದ್ದ ಒಬ್ಬೊಬ್ಬರೂ ಒಪ್ಪಿದ್ದೆವು.

ಫೋರ್ ವೀಲಿಗೆ ಹಾಕಿ ಹೊರಟೆ. ಗಾಡಿ ಚೆನ್ನಾಗೇ ಕಚ್ಚಿಕೊಂಡು ಹೋಯಿತು. ಬಲಗಡೆ ನಾಲೆಯ ನೀರು ಕೆಂಪಗೆ, ಸದ್ದಿಲ್ಲದೆ ಹರಿಯುತ್ತಿತ್ತು. ಮಗಳು ಹಲ್ಲು ಕಚ್ಚಿ ನನ್ನ ತೊಡೆಯ ಪಂಚೆ ಹಿಡಿದಿದ್ದಳು. ತೂಬು ಕಂಡಿತು. ಹೆಂಡತಿ ಮಾತು ನಿಲ್ಲಿಸಿದಳು.

ಎಡಕ್ಕೆ ಸ್ಟೇರಿಂಗ್ ಎಳೆದೆ. ಅರ್ಧ ತಿರುಗಿತು. ಆಮೇಲೆ ತಿರುಗಲಿಲ್ಲ! ಗೊರ್ರ್ ಅಂತ ಸದ್ದು, ರಬ್ಬರು ಸುಟ್ಟ ವಾಸನೆ, ಜೀಪು ತಿರುಗುವುದು ಬಿಟ್ಟು ನೆಟ್ಟಗೆ ನೀರಿನ ಕಡೆಗೇ ಹೊರಟಿತು. ಎರಡು ಕೈಯಲ್ಲೂ ಎಳೆದೆ. ಕಲ್ಲು ಎಳೆದ ಹಾಗಿತ್ತು. ಬ್ರೇಕ್ ತುಳಿದೆ, ಜಾರಿತು, ಜಾರಿ ನಿಂತಿತು. ಬಲಗಡೆ ಮುಂದಿನ ಚಕ್ರದ ಕೆಳಗಿಂದ ಒಂದು ಹೆಂಟೆ ಮಣ್ಣು ಕಳಚಿ ನೀರಿಗೆ ಬಿದ್ದದ್ದು ಕೇಳಿಸಿತು.

ಅಯ್ಯೋ ದೇವರೇ, ಇದೇ ಜಾಗ, ಮತ್ತೆ ಇದೇ ಜಾಗ ಅಂತ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಆಮೇಲೆ ಮಡ್‌ಗಾರ್ಡಿನ ಮೇಲಿದ್ದ ಆಳುಗಳ ನಾಲ್ಕು ಬೆನ್ನು ಕಣ್ಣಿಗೆ ಬಿತ್ತು. ಮೂರು ಬೆರಳಿನ ಸಂದು ಎಲ್ಲಿ ಹೋಯಿತು ಅಂತ ಆಗ ಹೊಳೆಯಿತು. ಪಟ್ಟೆ ಕುಸಿದು ಮಡ್‌ಗಾರ್ಡು ಟೈರಿನ ಮೇಲೆ ಕೂತಿತ್ತು.

"ಇಳೀರ್ಲಾ! ಎಲ್ರೂ ಇಳೀರ್ಲಾ, ನಿಮ್ಮಜ್ಜೀನ್ ತಗೊಂಡೋಗಿ!" ಅಂತ ಕಿರುಚಿದೆ. ಅಜ್ಜಿಯೂ ಇಳಿಯಿತು, ಅತ್ತಿಗೆಯೂ ಇಳಿದಳು. ಜೀಪು ಮೆಲ್ಲಗೆ ಮೇಲೆದ್ದಿತು. ಸ್ಟೇರಿಂಗ್ ತಿರುಗಿಸಿದರೆ ಇನ್ನೂ ಒಂದು ಚೂರು ತಿಕ್ಕುತ್ತಿತ್ತು, ಹೆಂಡತಿ ಕೂತಿದ್ದ ಎಡಗಡೆಯಲ್ಲೇ. ಹಿಂದಕ್ಕೆ ಹೋಗಿ ಕೂರುತ್ತೇನೆ ಅಂತ ಹೋದಳು. ಅವಳು ಕೂರುತ್ತಿದ್ದ ಹಾಗೆ ಹಿಂದಿನ ಚಕ್ರದ ಹತ್ತಿರ ಏರಿ ಬಿರುಕು ಬಿಟ್ಟಿತು. ಕೆಳಗಿದ್ದವರು "ಅಕ್ಕೋ, ಬ್ಯಾಡ!" ಅಂತ ಕೂಗಿದರು.

"ಇಳಿ" ಅಂದೆ.

"ನಾನ್ ಇಳಿಯಾಕಿಲ್ಲ. ನನ್ ಮಗ್ಳನ್ನ ಬುಟ್ಟು ನಾನ್ ಇಳಿಯಾಕಿಲ್ಲ."

"ತಿರುವು ದಾಟಿದ್ರೆ ನಿಲ್ಸಕ್ಕಾಗಕಿಲ್ಲ ಕಣೆ, ಮುಂದಕ್ಕೆ ಇಳಿಜಾರು, ನಿಂತ್ರೆ ಹೂತ್ಕೊಳ್ತದೆ. ಇಳಿಯೇ!"

ಅವಳು ಸೀಟಿನ ಕಂಬಿ ಬಿಡಲಿಲ್ಲ. ಆಗ ಮಗಳು, ಅಷ್ಟು ಹೊತ್ತೂ ಬಾಯಿ ಬಿಡದವಳು, ಹಿಂದಕ್ಕೆ ತಿರುಗಿ "ಅಮ್ಮಾ, ಇಳಿಯಮ್ಮಾ" ಅಂದಳು. ಹೆಂಡತಿ ಇಳಿದಳು.

ರಿವರ್ಸ್ ಹಾಕಿ ಒಂದು ಮಾರು ಹಿಂದಕ್ಕೆ ತಂದೆ. ಫಸ್ಟಿಗೆ ಹಾಕಿ ಸ್ಟೇರಿಂಗ್ ಪೂರ್ತಿ ಎಡಕ್ಕೆ ಎಳೆದೆ. ತಿರುಗಿತು, ಸದ್ದಿಲ್ಲದೆ. ದಪ್ಪ ಹಲ್ಲು ಮಣ್ಣು ಕಚ್ಚಿ ಮೇಲಕ್ಕೆ ಹತ್ತಿತು, ತಿರುವು ದಾಟಿತು. ಇಳಿಜಾರಿನಲ್ಲಿ ಕನ್ನಡಿ ನೋಡಿದೆ. ಏರಿಯ ಮೇಲೆ ಅಷ್ಟು ಜನ ಗುಂಪಾಗಿ ನಿಂತಿದ್ದರು. ಅವಳು ಮಾತ್ರ ಗುಂಪು ಬಿಟ್ಟು ಕೆಸರಿನಲ್ಲಿ ನಮ್ಮ ಹಿಂದೆ ಓಡಿಬರುತ್ತಿದ್ದಳು, ಸೀರೆ ಎತ್ತಿಕಟ್ಟಿಕೊಂಡು. ನಾನು ನಿಲ್ಲಿಸಲಿಲ್ಲ. ನಿಲ್ಲಿಸೋ ಹಾಗಿರಲಿಲ್ಲ.

ಆಂಬುಲೆನ್ಸ್ ನಿಂತಿತ್ತು. ಮಗಳನ್ನು ಮಲಗಿಸಿಕೊಂಡರು, ನಾನೂ ಅದರಲ್ಲೇ ಹತ್ತಿದೆ. ಮಳವಳ್ಳಿ ಆಸ್ಪತ್ರೆ ಮುಟ್ಟಿ ಅವಳನ್ನು ಒಳಗೆ ತಗೊಂಡು ಹೋದ ಸ್ವಲ್ಪ ಹೊತ್ತಿಗೆಲ್ಲ ಕೂಸು ಅತ್ತದ್ದು ಕೇಳಿಸಿತು. ನರ್ಸಮ್ಮ ಬಂದು "ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ" ಅಂದಳು. ನಾನು ಗೋಡೆಗೊರಗಿ ಕೂತು ಅತ್ತುಬಿಟ್ಟೆ, ನಾಚಿಕೆ ಏನೂ ಆಗಲಿಲ್ಲ.

ಹೆಂಡತಿ ಪ್ರೈವೇಟ್ ಬಸ್ಸು ಹಿಡಿದು ಬಂದಳು. ಮೊಣಕಾಲ ತನಕ ಕೆಸರು ಒಣಗಿತ್ತು, ಒಂದು ಕಾಲಿಗೆ ಚಪ್ಪಲಿ ಇರಲಿಲ್ಲ. ಬಾಗಿಲ ಹತ್ತಿರವೇ ನಿಂತುಬಿಟ್ಟಳು, ಒಳಗೆ ಬರೋಕೆ ಹೆದರಿಕೆ. "ಎಣ್ಣು ಕಣೆ, ಇಬ್ರೂ ಚೆನ್ನಾಗವ್ರೆ, ಓಗಿ ನೋಡು" ಅಂದೆ. ಅವಳು ಒಳಗೆ ಹೋಗಲಿಲ್ಲ. ಬಂದು ನನ್ನ ಪಕ್ಕ ಬೆಂಚಿನ ಮೇಲೆ ಕೂತಳು. ಮೊಣಕಾಲಿನ ಕೆಸರನ್ನು ಉಗುರಲ್ಲಿ ಕೆರೆಯತೊಡಗಿದಳು.

ಆಮೇಲೆ ನೆಲ ನೋಡಿಕೊಂಡೇ ಕೇಳಿದಳು:

"ಆವತ್ತು ಎತ್ತು ತರಾಕೆ ಓಡೋದ್ರಲ್ಲಾ, ದಾರೀಲೆಲ್ಲಾ ನಿಮ್ಗೂ ಇವತ್ತು ನಂಗಾದಂಗೇ ಆಯ್ತಿತ್ತಾ?"

ಹೂಂ ಅಂದೆ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಬನ್ನಿ, ಇಬ್ರೂ ಒಟ್ಗೇ ಓಗಿ ನೋಡವ" ಅಂದಳು.