ಪೆಟ್ಟಿಗೆ ಮುಚ್ಚಳದ ಚೀಟಿ

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಗಂಟಾಗದಂತೆ ತಿರುವುತ್ತಿದ್ದರೆ ಒಂದು ಹೊತ್ತಿನಲ್ಲಿ ಅದರ ವಾಸನೆ ಬದಲಾಗುತ್ತದೆ. ಹಸಿ ಹಿಟ್ಟಿನ ಮಂಕು ವಾಸನೆ ಹೋಗಿ ಗಂಜಿಯದ್ದೂ ಅಲ್ಲದ, ಹೊಸ ಪುಸ್ತಕದ್ದೂ ಅಲ್ಲದ ಒಂದು ಬೆಚ್ಚನೆಯ ವಾಸನೆ ಏಳುತ್ತದೆ. ಮೊನ್ನೆ ಮೊಮ್ಮಗಳ ಶಾಲೆಯ ಚಾರ್ಟಿಗೆ ಚಿತ್ರ ಅಂಟಿಸಬೇಕಿತ್ತು, ಮನೆಯಲ್ಲಿ ಗೋಂದಿನ ಡಬ್ಬಿ ಖಾಲಿ. ಇರಲಿ ಬಿಡು, ನಾನೇ ಮಾಡಿಕೊಡ್ತೀನಿ ಅಂತ ಒಲೆ ಹಚ್ಚಿದೆ. ಪಕ್ಕದಲ್ಲಿಟ್ಟಿದ್ದ ಫೋನು ಟಿಂಗ್ ಎಂದಿತು. ನಮ್ಮ ನಾಲ್ಕು ತಾಲ್ಲೂಕಿನ ಗ್ರಂಥಾಲಯಗಳದ್ದು ಒಂದು ವಾಟ್ಸಾಪ್ ಗುಂಪಿದೆ, ವಾರದ ಸುದ್ದಿಯೆಲ್ಲ ಅದರಲ್ಲಿ ಬರುತ್ತದೆ. ಶ್ರೀರಂಗಪಟ್ಟಣದಲ್ಲಿ ಶನಿವಾರ ಚಿತ್ರ ಬಿಡಿಸುವುದು, ಪಾಂಡವಪುರಕ್ಕೆ ಹೊಸ ಪುಸ್ತಕ ಬಂದಿರುವುದು, ಕೆ.ಆರ್. ಪೇಟೆಯಲ್ಲಿ ಪರೀಕ್ಷೆಗೆ ಓದುವವರಿಗೆ ಬೇರೆ ಕೋಣೆ, ನಾಗಮಂಗಲದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕಥೆ ಓದುವುದು. ಅದರ ಕೆಳಗೆ ನನ್ನ ಹೆಸರು ಹಾಕಿ, 'ಮೇಡಂ, ಈ ಸಲ ತಾವೇ ಬಂದು ಓದಬೇಕು' ಅಂತ ಬರೆದಿದ್ದರು. ನಾನು ಇಲ್ಲಿ ಶ್ರೀರಂಗಪಟ್ಟಣದ ಗ್ರಂಥಾಲಯದಲ್ಲಿ ಆಗೊಮ್ಮೆ ಈಗೊಮ್ಮೆ ಮಕ್ಕಳಿಗೆ ಕಥೆ ಓದುವುದುಂಟು, ಅದು ಅವರ ಕಿವಿಗೆ ಬಿದ್ದಿರಬೇಕು. ನಾಗಮಂಗಲ ಅನ್ನುವ ಅಕ್ಷರ ಕಂಡು ಕೈ ನಿಂತುಹೋಯಿತು. ಗೋಂದು ತಳ ಹಿಡಿಯಿತು.

ನಾನು ಬೆಳೆದ ಮನೆ ಪಾಂಡವಪುರದಲ್ಲಿತ್ತು. ಈಗ ಅಲ್ಲಿ ಮನೆಯಿಲ್ಲ, ಮೂರಂತಸ್ತಿನ ಬಟ್ಟೆ ಅಂಗಡಿಯಿದೆ. ಆಗ ಹೆಂಚಿನ ಮನೆ, ಉದ್ದಕ್ಕೆ ಜಗಲಿ, ಮುಂದಿನ ಎರಡು ಕೋಣೆ ಗ್ರಂಥಾಲಯ, ಹಿಂದಿನ ಮೂರು ಕೋಣೆ ನಾವು. ಅಪ್ಪ ಗ್ರಂಥಪಾಲಕರು. ಹೆಸರಿಗೆ ಅಪ್ಪ, ಕೆಲಸಕ್ಕೆ ಅತ್ತೆ. ಅಪ್ಪನ ಅಕ್ಕ ಪುಟ್ಟತಾಯಮ್ಮ, ನಮಗೆ ಬರೀ ಅತ್ತೆ. ಅಡುಗೆಮನೆಯಲ್ಲಿ ಕೂತರೆ ಮುಂದಿನ ಕೋಣೆಯವರು ಪೇಪರು ಮಗುಚುವ ಸದ್ದು, ಕೆಮ್ಮು, ಯಾರೋ ತುಟಿಯಾಡಿಸಿ ಓದುವ ಗುಣುಗುಣು ಎಲ್ಲ ಕೇಳುತ್ತಿತ್ತು. ಕಬ್ಬಿನ ಗಾಡಿಗಳು ಓಡಾಡುವ ಕಾಲದಲ್ಲಿ ಪುಸ್ತಕದ ಹಾಳೆಗೂ ಬೆಲ್ಲದ ವಾಸನೆ ಹತ್ತುತ್ತಿತ್ತು. ಹರಿದ ಪುಸ್ತಕಗಳನ್ನು ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಅಂಟಿಸುವರು. ಹುಳ ಬೀಳದಿರಲಿ ಅಂತ ಗೋಂದಿಗೆ ಮೈಲುತುತ್ತದ ಪುಡಿ ಹಾಕುತ್ತಿದ್ದರು, ಅದರಿಂದ ಅವರ ಬಲಗೈ ಬೆರಳಿನ ತುದಿ ಸದಾ ತಿಳಿ ನೀಲಿ. ನಾನು ಹತ್ತಿರ ಹೋದರೆ, "ನೆಕ್ಕೀಯಾ ಕೂಸೇ, ಸತ್ತೋಯ್ತೀಯೆ! ಆಮೇಲೆ ನಿಮ್ಮಪ್ಪಂಗೆ ನಾನೇನ್ ಉತ್ರ ಕೊಡ್ಲಿ?" ಅಂತ ಮೊಣಕೈಯಿಂದ ಆಚೆ ತಳ್ಳುವರು. ಬಿಸಿಲಿಗೆ ಇಟ್ಟ ಆ ಪುಸ್ತಕಗಳ ಸಾಲು, ನೀಲಿ ಬೆರಳು, ಅತ್ತೆಯ ಎಲೆಅಡಿಕೆಯ ಉಸಿರು. ನಿಮಗೂ ಇಂಥ ಒಂದು ಹಿತ್ತಲ ಬಾಗಿಲು ಇದ್ದಿರಬಹುದು, ಈಗ ಅದರ ಜಾಗದಲ್ಲಿ ಬೇರೆ ಏನೋ ಇರಬಹುದು.

ನಾಲ್ಕು ಊರಿನ ಗ್ರಂಥಾಲಯಗಳಿಗೆ ಒಂದು ತಗಡಿನ ಪೆಟ್ಟಿಗೆಯಿತ್ತು. ಒಂದು ಕಡೆ ಓದಿ ಮುಗಿದ ಪುಸ್ತಕ ಇನ್ನೊಂದು ಕಡೆಗೆ ಹೋಗಲಿ ಅಂತ ಅದನ್ನು ಬಸ್ಸಿನ ಮೇಲೆ ಹಾಕಿ ಕಳಿಸುವರು. ಶ್ರೀರಂಗಪಟ್ಟಣದಿಂದ ನಮ್ಮಲ್ಲಿಗೆ, ನಮ್ಮಿಂದ ಕೆ.ಆರ್. ಪೇಟೆಗೆ, ಅಲ್ಲಿಂದ ನಾಗಮಂಗಲಕ್ಕೆ, ತಿರುಗಿ ಶ್ರೀರಂಗಪಟ್ಟಣಕ್ಕೆ. ಒಂದು ಸುತ್ತಿಗೆ ತಿಂಗಳು ಹಿಡಿಯುತ್ತಿತ್ತು. ಮುಚ್ಚಳದ ಒಳಮೈಗೆ ಬಿಳಿ ಬಣ್ಣದಲ್ಲಿ ನಾಲ್ಕು ಚೌಕದ ಮನೆ ಗೀಚಿದ್ದರು, ಊರಿಗೊಂದು ಮನೆ. ಆಯಾ ಊರಿನವರು ತಮ್ಮ ಸುದ್ದಿಯನ್ನು ಚೀಟಿಯಲ್ಲಿ ಬರೆದು ಅಲ್ಲಿ ಅಂಟಿಸಬೇಕು. ಸರ್ಕಾರ ಹೇಳಿದ್ದಲ್ಲ, ಅವರವರೇ ಮಾಡಿಕೊಂಡ ರೂಢಿ. ನಮ್ಮ ಮನೆಯನ್ನು ಅತ್ತೆ ಬರೆಯುವರು. ಅಪ್ಪ, "ಅಕ್ಕಾ, ನೀನೇ ಬರ್ದಾಕು, ನಂಗೆ ಆಫೀಸಿನ ಭಾಷೆ ಬಿಟ್ರೆ ಬರಕ್ಕಿಲ್ಲ" ಅನ್ನುವರು. ಪೆಟ್ಟಿಗೆ ಬಂದ ದಿನ ಅದರ ಬೀಗ ತೆಗೆದು ಪುಸ್ತಕ ಜೋಡಿಸಿಡುವುದು ಮಾತ್ರ ನನ್ನ ಕೆಲಸ.

ಭಾನುವಾರ ಬೆಳಿಗ್ಗೆ ಅತ್ತೆ ಜಗಲಿಯಲ್ಲಿ ಮಕ್ಕಳಿಗೆ ಕಥೆ ಓದುವರು. ಓದುವರು ಅಂದರೆ, ಪುಸ್ತಕ ತೊಡೆಯ ಮೇಲೆ ತೆರೆದಿರುತ್ತಿತ್ತು ಅಷ್ಟೆ. ರಾಜ ಬಿಂಡಿಗನವಿಲೆಯ ಕುರಿ ವ್ಯಾಪಾರಿಯ ಹಾಗೆ ಮಾತಾಡುವನು: "ಏಯ್ ಮಂತ್ರಿ, ಅಲ್ ಕುಂತ್ಕಂಡ್ ಏನ್ಲಾ ಮಾಡ್ತಿದ್ದೀಯೆ? ನಿಂಗೆ ಪೇಟ ಕಟ್ಟಿರದು ತೂಕಡ್ಸಕ್ಕಾ?" ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದವು. ಅತ್ತೆ ಹುಟ್ಟಿದ ಊರು ದೇವಲಾಪುರ, ಕೊಟ್ಟ ಊರು ಬಿಂಡಿಗನವಿಲೆ, ಎರಡೂ ನಾಗಮಂಗಲದ ಕಡೆಯವು. ಗಂಡ ಇನ್ನೊಬ್ಬಳನ್ನು ಕರೆತಂದ ಮೇಲೆ ಅವರು ತಮ್ಮನ ಮನೆಗೆ ಬಂದವರು, ಮತ್ತೆ ನಾಗಮಂಗಲದ ಕಡೆಗೆ ಕಾಲಿಟ್ಟಿರಲಿಲ್ಲ. ಆ ವರ್ಷ ನಾಗಮಂಗಲದ ಗ್ರಂಥಾಲಯದಲ್ಲಿ ಮಕ್ಕಳ ಕಾರ್ಯಕ್ರಮ ಮಾಡುತ್ತಾರೆ ಅಂತ ಮುಚ್ಚಳದಲ್ಲಿ ಸುದ್ದಿ ಬಂತು. ಅತ್ತೆ ಎರಡು ದಿನ ಯೋಚಿಸಿ ಮುಚ್ಚಳದ ನಮ್ಮ ಮನೆಯಲ್ಲಿ ಚೀಟಿ ಅಂಟಿಸಿದರು: 'ನಾನು ಬಂದು ಕಥೆ ಹೇಳಬಹುದಾ?' ಪೆಟ್ಟಿಗೆ ಬಸ್ಸು ಹತ್ತಿದ ಮೇಲೆ ನನ್ನ ಜಡೆ ಹೆಣೆಯುತ್ತ ಹೇಳಿದರು. "ಅವ್ರು ಬಾ ಅಂದ್ರೆ ಸಾಕು ಕನವ್ವ. ಆ ಕಡೆ ಜನ ಒಂದ್ಸಲ ನೋಡ್ಲಿ, ದೇವಲಾಪುರದ ಪುಟ್ಟಿ ಮೂಲೆ ಸೇರ್ನಿಲ್ಲ ಅಂತ."

ನಾನು ಆಗ ಶ್ರೀರಂಗಪಟ್ಟಣದ ಕಾನ್ವೆಂಟಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಬಿಳಿ ಸಾಕ್ಸು, ಕೆಂಪು ರಿಬ್ಬನ್ನು. ಡಾಕ್ಟರ ಮಗಳು ಶೀಲಾ ನನ್ನ ಗೆಳತಿ. ಅವಳು ಒಂದು ದಿನ ನೋಟ್ಸು ಕೇಳಿಕೊಂಡು ಕಾರಿನಲ್ಲಿ ನಮ್ಮ ಮನೆಗೆ ಬಂದಳು. ಅತ್ತೆ ನೀಲಿ ಕೈಯಲ್ಲೇ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹುರಿದ ಕಡ್ಲೆಕಾಯಿ ತಂದು ಅವಳ ಮಡಿಲಿಗೆ ಸುರಿದರು. "ತಿನ್ನವ್ವ, ಎಷ್ಟ್ ಸಣ್ಗವ್ಳೆ ನೋಡು, ಗಾಳಿ ಬಂದ್ರೆ ಆರೋಯ್ತಾಳೆ." ಯಾರೇ ಇವರು ಅಂತ ಶೀಲಾ ಇಂಗ್ಲಿಷಿನಲ್ಲಿ ಕೇಳಿದಳು. ನಾನು ಸರ್ವೆಂಟ್ ಅಂದೆ. ಅಷ್ಟು ಸಲೀಸಾಗಿ ಬಂತು ಬಾಯಿಗೆ. ಅತ್ತೆ ನಗುತ್ತಲೇ ಒಳಗೆ ಹೋದರು. ಆ ಪದ ಅವರಿಗೆ ತಿಳಿಯಲಿಲ್ಲ ಎಂದು ಆಗ ಅಂದುಕೊಂಡೆ. ದಿನವಿಡೀ ಪುಸ್ತಕದ ನಡುವೆ ಇದ್ದ ಹೆಂಗಸಿಗೆ ಅದು ತಿಳಿಯದೇ ಇದ್ದೀತೇ ಅಂತ ಈಗ ಅನ್ನಿಸುತ್ತದೆ.

ಮುಂದಿನ ಸುತ್ತಿನಲ್ಲಿ ಪೆಟ್ಟಿಗೆ ಬಂದಾಗ ಅತ್ತೆ ಬಾವಿಯ ಹತ್ತಿರ ಇದ್ದರು. ನಾನು ಮುಚ್ಚಳ ಎತ್ತಿದೆ. ನಾಗಮಂಗಲದ ಮನೆಯಲ್ಲಿ ದಪ್ಪ ಅಕ್ಷರ: 'ಪಾಂಡವಪುರದ ಅಕ್ಕನವರಿಗೆ. ಬರುವ ಎರಡನೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ತಪ್ಪದೆ ಬನ್ನಿ.' ಅದೇ ಕಾರ್ಯಕ್ರಮಕ್ಕೆ ನಮ್ಮ ಕಾನ್ವೆಂಟಿನ ಹುಡುಗಿಯರೂ ಹಾಡುವುದಿತ್ತು. ಶೀಲಾ ನನ್ನ ಪಕ್ಕದಲ್ಲೇ ನಿಲ್ಲುವವಳು. ಅತ್ತೆ ಅಷ್ಟು ಜನರ ಮುಂದೆ ನನ್ನನ್ನು ಕಂಡು, 'ಅಯ್ ನನ್ ಕೂಸೇ' ಅಂತ ಕೆನ್ನೆ ಹಿಡಿದರೆ? ನಾನು ಉಗುರಿನಿಂದ ಕೆರೆದು ಚೀಟಿ ಕಿತ್ತೆ. ಮೈದಾ ಗೋಂದು ಪೂರ್ತಿ ಬಿಡಲಿಲ್ಲ, ಕೆಳಗಿನ ತುಂಡು ಅಲ್ಲೇ ಉಳಿಯಿತು, ಅಕ್ಷರ ಕಾಣದಂತೆ ಅದರ ಸಡಿಲ ಅಂಚನ್ನು ಕೆಳಕ್ಕೆ ಮಡಚಿದೆ. ಕಿತ್ತದ್ದನ್ನು ಒಲೆಗೆ ಹಾಕಿದೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದವರು ಮುಚ್ಚಳದ ಮೇಲೆ ಬೆರಳಾಡಿಸಿದರು. "ನಾಗಮಂಗ್ಲದೋರು ಏನೂ ಬರ್ದೇ ಇಲ್ವಲ್ಲ ಕೂಸೇ?" ಪುಸ್ತಕ ಉಜ್ಜಿ ಚೀಟಿ ಕಿತ್ತುಹೋಗಿರಬೇಕು ಅತ್ತೆ, ಅಂದೆ. "ಬರ್ದಿದ್ರೆ ತಾನೇ ಉಜ್ಜೋಗಾದು" ಅಂತ ನಕ್ಕರು. ಆ ರಾತ್ರಿ ಅವರು ಊಟ ಮಾಡಿದರೋ ಇಲ್ಲವೋ ನಾನು ನೋಡಲಿಲ್ಲ.

ಆ ಭಾನುವಾರ, ಮೈಸೂರಿಗೆ ಕರೆದುಕೊಂಡು ಹೋಗುತ್ತಾರೆ ಅಂತ ಮನೆಯಲ್ಲಿ ಸುಳ್ಳು ಹೇಳಿ ಹೋದೆ. ನಾಗಮಂಗಲದ ಗ್ರಂಥಾಲಯದ ಜಗಲಿಗೆ ಜಮಖಾನ ಹಾಸಿದ್ದರು. ಮುಂದೆ ಒಂದೇ ಒಂದು ಕುರ್ಚಿ, ಅದರ ಮೇಲೆ ಕನಕಾಂಬರದ ದಂಡೆ. ಅಲ್ಲಿನ ಗ್ರಂಥಪಾಲಕರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ವಯಸ್ಸಾದವರು, ಪಾಂಡವಪುರದ ಬಸ್ಸು ಬಂದಾಗಲೆಲ್ಲ ಗೇಟಿನ ತನಕ ಹೋಗಿಬರುತ್ತಿದ್ದರು. ನಾವು ಒಂದು ಹಾಡು ಹೇಳಿದೆವು, ಇನ್ನೊಂದು ಹೇಳಿದೆವು. ಮಕ್ಕಳು, "ಕತೆ ಏಳೋರು ಎಲ್ಲಿ ಸಾ?" ಅಂತ ಗಲಾಟೆ ಶುರುಮಾಡಿದವು. ಹಿಂದೆ ಗೋಡೆಗೆ ಒರಗಿ ಒಬ್ಬ ಮುದುಕಿ ಕೂತಿತ್ತು, ಕೈಯಲ್ಲಿ ಅವರೇಕಾಯಿ ತುಂಬಿದ ಚೀಲ. "ನಮ್ ಪುಟ್ಟಿ ಬತ್ತಾಳೆ ಅಂದ್ರು, ದೇವಲಾಪುರದಿಂದ ಬಂದೀವ್ನಿ. ಮೊಕ ನೋಡಿ ಅತ್ತೊರ್ಸ ಆಯ್ತು. ಬರಕ್ಕಿಲ್ವಾ ಸ್ವಾಮಿ?" ಅಂತ ಗ್ರಂಥಪಾಲಕರನ್ನು ಕೇಳಿತು. ಅದು ಅತ್ತೆ ಆಗಾಗ ನೆನೆಯುತ್ತಿದ್ದ ಅವರ ಚಿಕ್ಕಮ್ಮ, ಅಂದರೆ ನನಗೂ ಅಜ್ಜಿಯೇ. ರಿಬ್ಬನ್ನು ಕಟ್ಟಿದ ನನ್ನನ್ನು ಅದು ಗುರುತಿಸಲಿಲ್ಲ. ನಾನು ಗುರುತು ಹೇಳಲಿಲ್ಲ. ಶೀಲಾಳ ಕೈ ಹಿಡಿದು ವ್ಯಾನು ಹತ್ತಿದೆ. ಕುರ್ಚಿಯ ಮೇಲಿನ ಕನಕಾಂಬರ ಹಾಗೇ ಇತ್ತು.

ತಿಂಗಳು ಕಳೆದು ಪೆಟ್ಟಿಗೆ ಮತ್ತೆ ಬಂತು. ಆ ಸಲ ಅತ್ತೆಯೇ ಬೀಗ ತೆಗೆದರು. ನಾಗಮಂಗಲದವರು ಹಳೆಯ ತುಂಡಿನ ಮೇಲೆ ಹೊಸ ಚೀಟಿಯನ್ನು ಸೊಟ್ಟಗೆ ಅಂಟಿಸಿದ್ದರು: 'ಅಕ್ಕನವರು ಬರಲಿಲ್ಲ. ಮಕ್ಕಳು ಮಧ್ಯಾಹ್ನದವರೆಗೆ ಕಾದರು. ಕಾನ್ವೆಂಟಿನ ಹುಡುಗಿಯರು ಹಾಡಿದರು.' ಅತ್ತೆ ಅದನ್ನು ಓದಿದರು. ಇನ್ನೊಮ್ಮೆ ಓದಿದರು. ಚೀಟಿಯ ಕೆಳಗಿಂದ ಇಣುಕುತ್ತಿದ್ದ ಹಳೆಯ ತುಂಡಿನ ಸುತ್ತ ನೀಲಿ ಬೆರಳನ್ನು ಮೆಲ್ಲಗೆ ಎಳೆದರು. ನನ್ನ ಕಡೆ ನೋಡಲಿಲ್ಲ.

"ಪುಸ್ತಕ ಉಜ್ಜುದ್ರೆ ಅಂಚು ಸವೀತದೆ ಕನವ್ವ" ಅಂದರು. "ಉಗುರಿನ ಗುರ್ತು ಬೀಳಕ್ಕಿಲ್ಲ."

ಅಷ್ಟೇ. ಬೈಯಲಿಲ್ಲ, ಅಪ್ಪನಿಗೆ ಹೇಳಲಿಲ್ಲ. ಒಲೆಯ ಮೇಲೆ ಮೈದಾ ಇಟ್ಟರು, ಗೋಂದು ಕಾಯಿಸಿದರು, ಒಂದು ಚೀಟಿ ಬರೆದು ನಮ್ಮ ಮನೆಯಲ್ಲಿ ಅಂಟಿಸಿದರು: 'ನಾಗಮಂಗಲದವರಿಗೆ. ನನಗೆ ಜ್ವರ ಬಂದಿತ್ತು. ಮಕ್ಕಳು ಕ್ಷಮಿಸಬೇಕು.' ಮಾರನೆಯ ದಿನ ನನ್ನ ಜಡೆಯನ್ನು ಎಂದಿನ ಹಾಗೇ ಹೆಣೆದರು. ನಾಗಮಂಗಲಕ್ಕೆ ಹೋಗುವ ಮಾತನ್ನು ಮತ್ತೆ ಎತ್ತಲಿಲ್ಲ. ಆ ಸುತ್ತು ಮುಗಿದದ್ದೇ ಗ್ರಂಥಾಲಯ ಸ್ವಂತ ಕಟ್ಟಡಕ್ಕೆ ಹೋಯಿತು, ಪೆಟ್ಟಿಗೆಯ ಸುತ್ತಾಟ ನಿಂತಿತು. ತುಕ್ಕು ಹಿಡಿದದ್ದು ಯಾರಿಗೆ ಬೇಕು ಅಂದಾಗ ಅತ್ತೆ ಕೇಳಿ ಇಟ್ಟುಕೊಂಡರು. ನನ್ನ ಮದುವೆಗೆ ಸೀರೆ ತುಂಬಿ ಕೊಟ್ಟದ್ದು ಅದೇ ಪೆಟ್ಟಿಗೆಯಲ್ಲಿ. ಅವರ ಕೊನೆಗಾಲದಲ್ಲಿ ನಾನು ಪಕ್ಕದಲ್ಲಿದ್ದೆ. ಹೇಳಿಬಿಡಬೇಕು ಅಂತ ಬಾಯಿವರೆಗೆ ಬಂತು. "ನೀರ್ ಕುಡ್ದ್ಯಾ ಕೂಸೇ, ಬಿಸ್ಲಲ್ ಬಂದಿದ್ದೀಯೆ" ಅಂದರು. ನಾನು ನೀರು ಕುಡಿದೆ.

ತಳ ಹಿಡಿದ ಗೋಂದಿನ ಮೇಲಿನದ್ದನ್ನಷ್ಟೇ ಬಗ್ಗಿಸಿ ಮೊಮ್ಮಗಳ ಚಾರ್ಟು ಮುಗಿಸಿದೆ. ಬಟ್ಟಲಲ್ಲಿ ಸ್ವಲ್ಪ ಉಳಿಯಿತು. ಅಟ್ಟದಿಂದ ಪೆಟ್ಟಿಗೆ ಇಳಿಸಿ ರಜಾಯಿಗಳನ್ನು ತೆಗೆದು ಮುಚ್ಚಳ ಎತ್ತಿದೆ. ನಾಲ್ಕು ಮನೆಗಳ ಬಿಳಿ ಗೆರೆ ಅಳಿಸಿದೆ. ಜ್ವರದ ಚೀಟಿ ಇದೆ, ಅಂಚಿಗೆ ಇನ್ನೂ ನೀಲಿಯಿದೆ. ನಾಗಮಂಗಲದ ಮನೆಯಲ್ಲಿ ಸೊಟ್ಟ ಚೀಟಿಯ ಕೆಳಗೆ, ನಾನು ಕಿತ್ತರೂ ಬಾರದೆ ಉಳಿದ ತುಂಡು, ಮಡಚಿದ ಅಂಚು ಬಿಡಿಸಿದರೆ ಅದರಲ್ಲಿ ಒಂದೇ ಪದ: 'ಬನ್ನಿ.' ಗುಂಪಿಗೆ 'ಬರುತ್ತೇನೆ' ಅಂತ ಬರೆದು ಕಳಿಸಿದೆ. ಆಮೇಲೆ ಒಂದು ಚೀಟಿಯಲ್ಲಿ, 'ನಾಗಮಂಗಲದ ಮಕ್ಕಳಿಗೆ. ನಮ್ಮತ್ತೆಗೆ ಆವತ್ತು ಜ್ವರ ಇರಲಿಲ್ಲ. ಕರೆದ ಚೀಟಿಯನ್ನು ಕಿತ್ತವಳು ನಾನು' ಅಂತ ಬರೆದು ಅತ್ತೆಯ ಚೀಟಿಯ ಕೆಳಗೆ ಅಂಟಿಸಿದೆ. ಆವತ್ತು ಜಮಖಾನದ ಮೇಲೆ ಕೂತಿದ್ದ ಮಕ್ಕಳೆಲ್ಲ ಈಗ ಅಜ್ಜ ಅಜ್ಜಿಯರಾಗಿರಬೇಕು. ಆದರೂ ಪೆಟ್ಟಿಗೆಯನ್ನು ಬಸ್ಸಿನಲ್ಲಿ ತೆಗೆದುಕೊಂಡು ಹೋಗಿ ಅವರ ಜಗಲಿಯಲ್ಲಿ ಮುಚ್ಚಳ ತೆರೆದಿಡುತ್ತೇನೆ. ಗೋಂದು ಇನ್ನೂ ಹಸಿಯಾಗಿದೆ. ಭಾನುವಾರದ ಹೊತ್ತಿಗೆ ಒಣಗಿರುತ್ತದೆ.