ಹಿಂಬದಿಯ ಹಲಗೆ ತೆಗೆದ ಪೆಟ್ಟಿಗೆ

ಇದು ಕಟ್ಟಿದ ಕಥೆಯಲ್ಲ, ಖಾನಾಪುರದಲ್ಲಿ ನಾನು ಕಿವಿಯಾರೆ ಕೇಳಿದ್ದು. ಕಥೆ ಕಟ್ಟುವಷ್ಟು ತ್ರಾಣವೂ ನನ್ನಲ್ಲಿ ಉಳಿದಿಲ್ಲ.

ಮುಂಬಯಿಯ ರೇಡಿಯೊ ನಮ್ಮ ಕಡೆ ಕೇಳಿಸತೊಡಗಿದ್ದ ಹೊಸತು. ನಾನು ಬೆಳಗಾವಿಯ ವಡಗಾವಿಯಲ್ಲಿ ಮಗ್ಗ ರಿಪೇರಿ ಮಾಡುವ ಬಡಿಗ. ಖಾನಾಪುರದ ಕಟ್ಟಿಗೆ ವ್ಯಾಪಾರಿ ಜಿನ್ನಪ್ಪನವರು ಹೇಳಿಕಳಿಸಿದ್ದರು. ಅವರ ಹೆಂಡತಿ ಚಂದ್ರವ್ವನವರು, ಅಣ್ಣ ಜ್ವರದಲ್ಲಿ ತೀರಿಕೊಂಡಂದಿನಿಂದ ಮಾತು ಬಿಟ್ಟಿದ್ದರು. ಆಕೆಯ ಮನಸ್ಸು ಹಗುರಾಗಲಿ ಎಂದು ರೇಡಿಯೊ ತರಿಸಿದ್ದರಂತೆ. ಆದರೆ ಲೌಡ್‌ಸ್ಪೀಕರಿಗೆ ಪೆಟ್ಟಿಗೆಯೇ ಇರಲಿಲ್ಲ. ಬರಿಯ ಕಾಗದದ ಶಂಕು, ಸೊಳ್ಳೆ ಗುಂಯ್‌ಗುಟ್ಟಿದಂಥ ದನಿ.

ಮೊದಲ ದಿನ ಸಾಗವಾನಿಯ ಚೌಕ ಪೆಟ್ಟಿಗೆ ಮಾಡಿ ಎಲ್ಲ ಕಡೆ ಮುಚ್ಚಿದೆ. ದನಿ ದಪ್ಪವಾಯಿತು. ಆದರೆ ಕಾಳು ತುಂಬುವ ನೆಲದಡಿಯ ಹಗೇವಿನೊಳಗಿಂದ ಯಾರೋ ಕೂಗಿದ ಹಾಗೆ, ಒಂದು ಮಾತೂ ಬಿಡಿಯಾಗಿ ತಿಳಿಯಲಿಲ್ಲ.

ಮರುದಿನ ಎಲ್ಲ ಬಿಚ್ಚಿದೆ. ಬದಿಗಳನ್ನು ಓರೆ ಮಾಡಿ, ಒಳಗೆ ಕಂಬಳಿ ತುಂಡು ಬಡಿದು, ಹಿಂಬದಿಯ ಹಲಗೆಯನ್ನೇ ತೆಗೆದುಬಿಟ್ಟೆ. ಸೊಂಟ ಬಿದ್ದುಹೋಗಿತ್ತು. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ ಮುಗಿಯಿತು. ಕತ್ತಲಾದ ಮೇಲೆ ಹಾಡು ಬಂತು... ಹಾಡುವಾಕೆ ಉಸಿರೆಳೆದುಕೊಂಡದ್ದೂ ಕೇಳಿಸಿತು.

ಹಾಡು ಮುಗಿದ ಮೇಲೆ ಜಿನ್ನಪ್ಪನವರು ಬ್ಯಾಟರಿಯ ತಂತಿ ಕಿತ್ತಿಟ್ಟು ಒಳಗೆ ಹೋದರು. ನಾನು ಅಲ್ಲೇ ಪಡಸಾಲೆಯಲ್ಲಿ ಮೈಚೆಲ್ಲಿದೆ. ಹಸಿ ಸಾಗವಾನಿ ಹೊಟ್ಟಿನ ವಾಸನೆ. ಕಣ್ಣು ಹತ್ತುವಷ್ಟರಲ್ಲಿ ಪೆಟ್ಟಿಗೆಯಲ್ಲಿ ಉಸಿರಾಟ... ಬಾಯಿ ಒಣಗಿದವರ ಉಸಿರಾಟ.

"ತಂಗೀ... ನೀರ ಕೊಡವ್ವಾ..."

ತಂತಿ ನೆಲದ ಮೇಲೇ ಬಿದ್ದಿತ್ತು.

ಒಳಗಿನಿಂದ ಚಂದ್ರವ್ವನವರು ತಂಬಿಗೆ ಹಿಡಿದು ಬಂದರು. ಅದನ್ನು ಪೆಟ್ಟಿಗೆಯ ಮುಂದಿಟ್ಟು, ನನ್ನತ್ತ ತಿರುಗಿ ಮೆಲ್ಲಗೆ ಅಂದರು.

"ನಿನ್ನೆನೂ ಕರದಿದ್ದರೀ ನಮ್ಮಣ್ಣ. ಆ ಪೆಟಿಗ್ಯಾಗ ಏನಂತಾನ ತಿಳೀಲಿಲ್ಲ. ಇವತ್ತ ಸ್ವಚ್ಛ ಕೇಳಿಸ್ತು."

ಆ ಮನೆಯಲ್ಲಿ ನಾನು ಕೇಳಿದ ಅವರ ಮೊದಲ ಮಾತು ಅದು.

ಬೆಳಗಾಗುತ್ತಲೇ ಜಿನ್ನಪ್ಪನವರು ಬಂದರು. ಕಣ್ಣು ಕೆಂಪಾಗಿದ್ದವು. ಅವರಿಗೂ ಕೇಳಿಸಿತ್ತು.

"ಹಲಗಿ ಬಡೀರಿ. ಆಕೀನ್ನ ಅವ ಕರಕೊಂಡ ಹೋಗ್ತಾನ."

ಚಂದ್ರವ್ವನವರು ಬಾಗಿಲಲ್ಲಿ ನಿಂತು, ಬಡಿಯಬೇಡಿ ಎಂದು ಬೇಡಿಕೊಂಡರು. ಅಣ್ಣ ಸಾಯುವಾಗ ತಾನು ಹತ್ತಿರ ಇರಲಿಲ್ಲ, ನೀರೂ ಹಾಕಲಿಲ್ಲ ಎಂದರು. ನಾನು ಕೂಲಿಯವನು, ಯಜಮಾನರ ಮಾತಿನಂತೆ ಹಲಗೆ ಹಚ್ಚಿದೆ. ಮೊದಲ ಮೊಳೆ ಬಡಿದು ಇನ್ನೊಂದಕ್ಕೆ ಸುತ್ತಿಗೆ ಎತ್ತಿದ್ದೆ... ಒಳಗಿನಿಂದ, ನನ್ನ ಕೈ ಹತ್ತಿರವೇ...

"ಬಡಿಗ್ಯಾರ... ಭಾಳ ದಣದೀರಿ. ಕುಂದರ್ರಿ."

ನಾನು ಕೂತುಬಿಟ್ಟೆ. ಮೂವರಿಗೂ ಕೇಳಿಸಿತ್ತು, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಹಲಗೆಯನ್ನು ಹಾಗೇ ಜೋತಾಡಲು ಬಿಟ್ಟು ಬೆಳಗಾವಿಯ ಗಾಡಿ ಹಿಡಿದೆ.

ಚಂದ್ರವ್ವನವರು ಈಗ ಮಾತಾಡುತ್ತಾರಂತೆ. ಆ ಪೆಟ್ಟಿಗೆಯ ಮುಂದೆ ಮಾತ್ರ. ಇನ್ನು ನಾನು... ಸಂಜೆ ಕೆಲಸ ಮುಗಿಸಿ ಕೂರುತ್ತೇನಲ್ಲ, ನನ್ನಷ್ಟಕ್ಕೆ ನಾನೇ ಕೂತೆನೋ, ಆ ಪೆಟ್ಟಿಗೆಯವನು ಹೇಳಿದ್ದಕ್ಕೆ ಕೂತೆನೋ, ಇಂದಿಗೂ ತಿಳಿಯುವುದಿಲ್ಲ.